ಖಾಲಿ ಎಂದು ಬರೆದ ಮನೆಯ ಬಾಗಿಲು

ಬಾಡಿಗೆ ಮನೆಗಳ ನೋಂದಣಿ ಕಚೇರಿಯ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ನಿಮ್ಮ ಕಚೇರಿಯ ದಾಖಲೆಯ ಪ್ರಕಾರ ನನ್ನ ಮಹಡಿ ಮನೆ ಖಾಲಿ ಇದೆ. ನಾನು ಈ ಪತ್ರ ಬರೆಯಲು ಕೂತಿರುವ ಹೊತ್ತಿನಲ್ಲಿ ಆ ಖಾಲಿ ಮನೆಯವರು ನನ್ನ ತಲೆಯ ಮೇಲೆ ಪಾತ್ರೆ ತೊಳೆಯುತ್ತಿದ್ದಾರೆ, ನಡುನಡುವೆ ಒಂದು ತಟ್ಟೆ ಬೀಳಿಸುತ್ತಿದ್ದಾರೆ, ಬೀಳಿಸಿದ್ದಕ್ಕೆ ತಮ್ಮನ್ನು ತಾವೇ ಬೈದುಕೊಳ್ಳುತ್ತಿದ್ದಾರೆ. ಬೀದಿಯ ತುದಿಯ ಕ್ಷೌರದಂಗಡಿಯವರೆಗೂ ಕೇಳಿಸುವ ಈ ಬೈಗುಳ ನಿಮ್ಮ ಕಚೇರಿಗೆ ಮಾತ್ರ ತಲುಪಿಲ್ಲ. ಬರುವ ತಿಂಗಳ ಮೊದಲ ದಿನ ಆ ಮನೆಯ ಬೀಗ ತೆಗೆಸಿ, ಒಳಗೆ 'ಅನಧಿಕೃತವಾಗಿ ಕಂಡುಬರುವ ವ್ಯಕ್ತಿಗಳನ್ನು' ಹೊರಗೆ ಕಳಿಸಿ, ಬಾಗಿಲಿಗೆ ಮೊಹರು ಹಾಕುವುದಾಗಿ ತಾವು ಆದೇಶ ಹೊರಡಿಸಿದ್ದೀರಿ. ಖಾಲಿ ಮನೆಯಲ್ಲಿ ವ್ಯಕ್ತಿಗಳು ಕಂಡುಬರುವುದು ಹೇಗೆ ಎಂದು ಕೇಳುವಷ್ಟು ಉದ್ಧಟತನ ನನಗಿಲ್ಲ. ತಾವು ಓದಿದವರು, ಯೋಚಿಸಿಯೇ ಬರೆದಿರುತ್ತೀರಿ. ಆದರೆ ಆ 'ವ್ಯಕ್ತಿಗಳು' ಯಾರು, ಅವರನ್ನು ಬೀದಿಗೆ ಹಾಕಲು ತಮಗೆ ಕಾರಣವಾಗಿ ಸಿಕ್ಕಿದ್ದೇನು ಎಂಬುದು ಊರಿಗೆ ಗೊತ್ತಾಗಲಿ ಎಂದು ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಲಕೋಟೆಯಲ್ಲಿಟ್ಟು ಕಳಿಸಿದ ಪತ್ರಗಳು ತಮ್ಮಲ್ಲಿ ಎಲ್ಲಿಗೆ ಹೋಗುತ್ತವೆ ಎಂಬುದನ್ನು ಈಗಾಗಲೇ ಕಲಿತಿದ್ದೇನೆ.

ನಾನು ಯಾರೆಂದು ಹೇಳಿಬಿಡುತ್ತೇನೆ. ಮಾರುಕಟ್ಟೆಯ ಹಿಂದೆ, ಹಳೆಯ ಸೈಕಲ್ ಅಂಗಡಿಯ ಮಗ್ಗುಲಲ್ಲಿ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಅಗಲದ ಅಂಗಡಿಯಲ್ಲಿ ಬೀಗ ರಿಪೇರಿ ಮಾಡುವವನು. ಕೆಲಸ ನನ್ನ ತಂದೆಯದು, ಕಲಿಸಿದವರೂ ಅವರೇ. ನನ್ನ ಕೈಗೆ ಕೀಲಿಕೈ ಉಜ್ಜುವ ಅರ ಕೊಡುವ ಮೊದಲು ಎರಡು ಮಾತು ಹೇಳಿದ್ದರು. ಒಂದು, ಇನ್ನೊಬ್ಬರು ವಾಸವಿರುವ ಮನೆಯ ಕೀಲಿಕೈಯ ನಕಲು ನಮ್ಮ ಹತ್ತಿರ ಇರಕೂಡದು. ಇನ್ನೊಂದು, ಬೀಗ ತೆಗೆಯುವುದಷ್ಟೇ ನಮ್ಮ ಕೆಲಸ, ಬಾಗಿಲು ತಳ್ಳುವುದು ಮನೆಯವರ ಕೆಲಸ. ಬೀಗ ಬಿಟ್ಟುಕೊಂಡ ಕೂಡಲೇ ಬೀಗದವನು ಒಂದು ಹೆಜ್ಜೆ ಹಿಂದೆ ಸರಿದು ಗೋಡೆಯ ಕಡೆ ಮುಖ ಮಾಡಬೇಕು. ತಮ್ಮ ಕಚೇರಿಯ ಕಡತಗಳ ಬೀರುವಿನ ಕೀಲಿಕೈ ಕಳೆದುಹೋಗಿ ನನ್ನನ್ನು ಕರೆಸಿದಾಗಲೂ ನಾನು ಗೋಡೆಯ ಕಡೆಗೇ ತಿರುಗಿ ನಿಂತಿದ್ದೆ. ಒಳಗೆ ಕಡತಗಳಿದ್ದವೋ ಊಟದ ಡಬ್ಬಿಗಳಿದ್ದವೋ ನಾನು ನೋಡಿಲ್ಲ. ಡಬ್ಬಿ ಉರುಳಿದ ಸದ್ದು ಕೇಳಿಸಿತು, ಅದಕ್ಕೆ ನಾನು ಹೊಣೆಯಲ್ಲ.

ಇಂಥ ನನಗೆ ಮಾಲೀಕನೆಂಬ ಪಟ್ಟ ಬಂದದ್ದು ಇತ್ತೀಚೆಗೆ. ಮಹಡಿಯ ಎರಡು ಕೋಣೆಗಳಲ್ಲಿ ನನ್ನ ಅಕ್ಕ ಇದ್ದಳು. ಮೊಮ್ಮಗುವನ್ನು ನೋಡಿಕೊಳ್ಳಲು ಮಗಳ ಮನೆಗೆ ಹೋದವಳು ಅಲ್ಲೇ ಉಳಿದುಬಿಟ್ಟಳು. "ಸುಮ್ಮನೆ ಧೂಳು ತಿನ್ನೋಕೆ ಬಿಡೋ ಬದಲು ಯಾರಿಗಾದ್ರೂ ಕೊಡೋಣ ರೀ" ಎಂದಳು ನನ್ನ ಹೆಂಡತಿ. ಕೊಡುವುದೆಂದರೆ ಬೋರ್ಡು ತೂಗುಹಾಕುವುದು, ಜನ ಬರುವುದು, ಕೀಲಿಕೈ ಕೊಡುವುದು ಎಂದುಕೊಂಡಿದ್ದೆ. ಮಾನ್ಯರೇ, ಅಷ್ಟು ದಡ್ಡನಿಗೆ ಮನೆ ಇರಲೇಬಾರದು ಎಂದು ತಾವು ಅಂದುಕೊಂಡರೆ ಆ ಒಂದು ವಿಷಯದಲ್ಲಿ ನಾನು ತಮ್ಮ ಪಕ್ಷ.

ಅಕ್ಕ ಇದ್ದಷ್ಟು ವರ್ಷ ಒಂದು ಹನಿ ಸೋರದ ನಲ್ಲಿ, ಬೋರ್ಡು ಹಾಕಿದ ಮಾರನೇ ದಿನ ಸೋರತೊಡಗಿತು. ಅದಕ್ಕೂ ಹೇಗೋ ಸುದ್ದಿ ತಲುಪಿರಬೇಕು. ನಲ್ಲಿ ಸರಿ ಮಾಡಿಸಿದರೆ ಸಿಂಕು ಕಟ್ಟಿಕೊಂಡಿತು. ಸಿಂಕು ಬಿಡಿಸಿದರೆ ಬಚ್ಚಲಿನ ಬಲ್ಬು ಹೋಯಿತು. ಬಣ್ಣದವನು ಕಿಟಕಿಗೆ ಬಳಿದ ಬಣ್ಣ ಕಿಟಕಿಯನ್ನೇ ಚೌಕಟ್ಟಿಗೆ ಅಂಟಿಸಿತು. ಊರಿನ ಎಂಥೆಂಥ ಬೀಗ ತೆಗೆದ ನಾನು, ನನ್ನದೇ ಕಿಟಕಿಯ ಎದುರು ಅಡುಗೆಮನೆಯ ಚಾಕು ಹಿಡಿದು ಇಡೀ ಬೆಳಗ್ಗೆ ಕುಸ್ತಿ ಮಾಡಿದೆ. ಕೆಳಗೆ ನಿಂತು ನೋಡುತ್ತಿದ್ದ ಸೈಕಲ್ ಅಂಗಡಿಯವನು "ಯಾವ ಮನೆಗೆ ನುಗ್ತಾ ಇದೀರಿ?" ಎಂದು ಕೂಗಿ ಕೇಳಿದ.

ಆಮೇಲೆ ನೋಡಲು ಬಂದವರ ಮೆರವಣಿಗೆ. ಒಬ್ಬರು ಎಲ್ಲ ನಲ್ಲಿಗಳನ್ನೂ ತಿರುಗಿಸಿ ಒಂದನ್ನೂ ಮುಚ್ಚದೆ ಹೋದರು. ಗಂಡ ಹೆಂಡತಿಯ ಒಂದು ಜೋಡಿ ಗೋಡೆಗೆ ತಮ್ಮ ಬೀರು ಆನಿಸುವ ಜಾಗ ಅಳೆದು, ಕಿಟಕಿಯನ್ನು ಸ್ವಲ್ಪ ಆ ಕಡೆ ಸರಿಸಿಕೊಡಲು ಸಾಧ್ಯವೇ ಎಂದು ಕೇಳಿತು. ಸಾಧ್ಯವಿಲ್ಲ ಎಂದೆ. "ಮಾಲೀಕರಿಗೆ ಸ್ವಲ್ಪ ಹೊಂದಾಣಿಕೆ ಸ್ವಭಾವ ಇರ್ಬೇಕು" ಎಂದು ಬುದ್ಧಿ ಹೇಳಿ ಇಳಿದುಹೋಯಿತು. ನನ್ನ ಹೆಂಡತಿ ಬಂದವರನ್ನೆಲ್ಲ ಕೂರಿಸಿ ಕೇಳುತ್ತಿದ್ದ ಪ್ರಶ್ನೆಗಳನ್ನು ನಮ್ಮ ಮದುವೆಯ ಮಾತುಕತೆಯಲ್ಲಿ ನನಗೆ ಯಾರಾದರೂ ಕೇಳಿದ್ದರೆ ನಾನು ಇನ್ನೂ ಬ್ರಹ್ಮಚಾರಿಯಾಗಿರುತ್ತಿದ್ದೆ.

ಇವುಗಳ ನಡುವೆ ನನ್ನ ಭಾವಮೈದ ಗುರುವಾಗಿ ಒದಗಿದ. ಹಲವು ಮನೆಗಳನ್ನು ಬಾಡಿಗೆಗೆ ಕೊಟ್ಟು ಪಳಗಿದ ಕೈ ಅವನದು. ನನ್ನ ಕುರ್ಚಿಯಲ್ಲೇ ಕೂತು ಉಪದೇಶ ಮಾಡಿದ: "ಭಾವ, ಬಾಡಿಗೆಯವರ ಜೊತೆ ನಗಬೇಡಿ. ಮೊಳೆ ಹೊಡೆಯೋಕೆ ಬಿಡಬೇಡಿ. ಎಲ್ಲಕ್ಕಿಂತ ಮುಖ್ಯ, ಒಂದು ಕೀ ನಿಮ್ಮ ಹತ್ರ ಇಟ್ಕೊಳ್ಳಿ. ಅವರಿಲ್ಲದಾಗ ಆಗಾಗ ಹೋಗಿ ಒಂದು ಸುತ್ತು ಹಾಕಿ ಬನ್ನಿ."

"ಅವರ ಮನೆಗೆ ನಾನ್ಯಾಕೆ ಹೋಗ್ಲಿ?" ಎಂದೆ.

"ಅವರ ಮನೆಯಾ?" ಅವನು ತನ್ನ ಅಕ್ಕನ ಕಡೆ ತಿರುಗಿದ. "ಅಕ್ಕಾ, ಭಾವಂಗೆ ಯಾರಾದ್ರೂ ಸ್ವಲ್ಪ ತಿಳಿಸಿ ಹೇಳ್ರೇ."

ನನಗೆ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ. ತಮ್ಮ ನಿಯಮಾವಳಿ ಮತ್ತು ನನ್ನ ಭಾವಮೈದ ಇಬ್ಬರೂ ಒಂದೇ ಗರಡಿಯಲ್ಲಿ ಪಳಗಿದವರು ಎಂಬುದು ಆಮೇಲೆ ಗೊತ್ತಾಯಿತು.

ಕೊನೆಗೆ ಬಂದವರು ಒಬ್ಬ ತಾಯಿ, ಒಬ್ಬಳು ಮಗಳು. ಮಗಳಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಬೆಳಗ್ಗೆ ಹೋದರೆ ಸಂಜೆ ಬರುವುದು. ತಾಯಿ ಬಟ್ಟೆ ಗಿರಣಿಯಲ್ಲಿ ಮಗ್ಗ ನೋಡಿಕೊಂಡು ಆಯುಷ್ಯ ಕಳೆದವರು. ಮಗ್ಗಗಳ ಸದ್ದು ಅವರ ಕಿವಿಯನ್ನು ಪೂರ್ತಿ ನುಂಗಿಬಿಟ್ಟಿದೆ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ಎಲ್ಲ ತಿಳಿದುಕೊಳ್ಳುತ್ತಾರೆ, ನಾವು ಮನಸ್ಸಿನಲ್ಲೇ ಗೊಣಗಿಕೊಂಡದ್ದೂ ಸೇರಿ. ಉತ್ತರ ಮಾತ್ರ ಇಪ್ಪತ್ತು ಮಗ್ಗಗಳ ಆಚೆಗಿದ್ದವರಿಗೆ ಹೇಳುವ ದನಿಯಲ್ಲಿ ಕೊಡುತ್ತಾರೆ. ಬೀದಿಯವರು ಅವರಿಗೆ ಗಿರಣಿಯಮ್ಮ ಎಂದು ಹೆಸರಿಟ್ಟದ್ದಕ್ಕೆ ಕಾರಣ ಅವರ ಹಳೆಯ ಕೆಲಸವೋ ದನಿಯೋ ಹೇಳುವುದು ಕಷ್ಟ. ಅವರು ನನ್ನನ್ನು ಬೀಗದಪ್ಪ ಎನ್ನುತ್ತಾರೆ.

ಹುಡುಗಿ ನಲ್ಲಿ ತಿರುಗಿಸಲಿಲ್ಲ, ಗೋಡೆ ಅಳೆಯಲಿಲ್ಲ. ಬಾಗಿಲಿಗೇ ಕೂರಿಸಿದ ಬೀಗವನ್ನು ಮುಟ್ಟಿ ನೋಡಿ ಒಂದೇ ಪ್ರಶ್ನೆ ಕೇಳಿದಳು. "ಅಂಕಲ್, ಇದರ ಇನ್ನೊಂದು ಕೀ ನಿಮ್ಮ ಹತ್ರ ಇರುತ್ತಾ?"

"ಇಲ್ಲಮ್ಮ. ಇರೋದು ಎರಡು, ಎರಡೂ ನಿಮ್ಮ ಕೈಗೇ."

ಅವಳು ನಂಬಲಿಲ್ಲ. ಅಂಗಡಿಯನ್ನೂ ಬೋರ್ಡನ್ನೂ ನೋಡಿಕೊಂಡೇ ಬಂದಿದ್ದಳು. ಬೀಗದವನ ಹತ್ತಿರ ಕೀಲಿಕೈ ಇಲ್ಲವೆಂದರೆ ಯಾರು ತಾನೇ ನಂಬುತ್ತಾರೆ? ಆಗ ನನ್ನ ತಂದೆಯ ಮಾತು ಹೇಳಿದೆ. ಅವಳು ತಾಯಿಯ ಕಡೆ ತಿರುಗಿ, ಅದನ್ನೇ ನಿಧಾನವಾಗಿ ತುಟಿ ಬಿಡಿಸಿ ಹೇಳಿದಳು. ಗಿರಣಿಯಮ್ಮ ತಮ್ಮ ಸೀರೆಯನ್ನು ಒಂದಿಷ್ಟು ಮೇಲೆತ್ತಿ ಪಾದ ತೋರಿಸಿದರು. ಪಾದದ ಮೇಲಿನ ಚರ್ಮ ಸುಟ್ಟು ಸುಕ್ಕುಗಟ್ಟಿತ್ತು. ಹಿಂದಿನ ಮನೆಯ ಮಾಲೀಕ ಒಳ್ಳೆಯವನೇ ಅಂತೆ. ಕೆಟ್ಟ ಉದ್ದೇಶ ಯಾವುದೂ ಇರಲಿಲ್ಲ. ಆದರೆ ಮೀಟರು ನೋಡಲು, ಮೊಳೆ ಹೊಡೆದಿದ್ದಾರಾ ನೋಡಲು, ತನ್ನ ಕೀಲಿಕೈಯಲ್ಲಿ ತಾನೇ ಬಾಗಿಲು ತೆಗೆದುಕೊಂಡು ಬರುತ್ತಿದ್ದನಂತೆ. ಒಂದು ಮಧ್ಯಾಹ್ನ ಇವರು ಒಲೆಯಿಂದ ಕುದಿನೀರಿನ ಪಾತ್ರೆ ಇಳಿಸಿ ತಿರುಗಿದರೆ ಬೆನ್ನ ಹಿಂದೆ ಗಂಡಸೊಬ್ಬ ನಿಂತಿದ್ದಾನೆ.

"ನಾನು ಕೂಗಿದೆನಲ್ಲ ಅಂದ ಆ ಪುಣ್ಯಾತ್ಮ!" ಗಿರಣಿಯಮ್ಮ ಗಟ್ಟಿಯಾಗಿ ನಕ್ಕರು. ಮಗಳು ನಗಲಿಲ್ಲ.

"ಕೀ ಬೇರೆಯವರ ಹತ್ರ ಇದ್ದ ಮೇಲೆ ಅಮ್ಮ ಮನೇಲಿ ಬಾಗಿಲಿಗೆ ಮುಖ ಮಾಡ್ಕೊಂಡೇ ಕೂತಿರ್ತಾರೆ ಅಂಕಲ್" ಎಂದಳು. "ಅಡುಗೆ ಮಾಡೋದಿಲ್ಲ, ಮಲಗೋದಿಲ್ಲ. ನಾನು ಬರೋವರೆಗೂ ಬಾಗಿಲನ್ನೇ ನೋಡ್ತಿರ್ತಾರೆ."

ಮನೆ ಅವರಿಗೆ ಎಂದು ನನ್ನ ಹೆಂಡತಿ ಅಲ್ಲೇ ತೀರ್ಮಾನ ಮಾಡಿದಳು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಇನ್ನು ಬಾಗಿಲ ಬೆಲ್ಲಿನ ವಿಚಾರ. ಕೇಳದವರ ಮನೆಗೆ ಬೆಲ್ಲು ಯಾಕೆ? ಗಿರಣಿಯಮ್ಮನೇ ಉಪಾಯ ಹೇಳಿದರು. ಗಿರಣಿಯಲ್ಲಿ ಮಗ್ಗ ಕೆಟ್ಟರೆ ಮೆಕ್ಯಾನಿಕ್ಕನ್ನು ಕೂಗಿ ಕರೆಯಲು ಆಗುತ್ತಿರಲಿಲ್ಲವಂತೆ. ಮಗ್ಗದ ಮೇಲಿನ ಕೋಲಿಗೆ ಕೆಂಪು ಬಟ್ಟೆ ಏರಿಸುತ್ತಿದ್ದರಂತೆ. ಹಾಗಾಗಿ ನಾನು ಬಾಗಿಲ ಪಕ್ಕದಲ್ಲಿ ಒಂದು ತೂತು ಕೊರೆದು, ಹಗ್ಗ ತೂರಿಸಿ, ಸೂರಿನ ಕೆಳಗೆ ಸಣ್ಣ ರಾಟೆಗಳ ಮೇಲೆ ಓಡಿಸಿ, ಅಡುಗೆಮನೆಯಲ್ಲೂ ಮುಂದಿನ ಕೋಣೆಯಲ್ಲೂ ಒಂದೊಂದು ಕೆಂಪು ಬಟ್ಟೆ ಕಟ್ಟಿದೆ. ಹೊರಗೆ ಹಗ್ಗ ಎಳೆದರೆ ಒಳಗೆ ಬಟ್ಟೆ ಕುಣಿಯುತ್ತದೆ. ಅವರು ನೋಡುತ್ತಾರೆ, ಏಳುತ್ತಾರೆ, ಮಂಡಿ ಹಿಡಿದುಕೊಂಡು ಬರುತ್ತಾರೆ, ಬಾಗಿಲು ತೆಗೆಯುತ್ತಾರೆ. ಸ್ವಲ್ಪ ಕಾಯಬೇಕು, ಅಷ್ಟೆ. ಹಾಲಿನವನು ಕಾಯುತ್ತಾನೆ. ಅಂಚೆಯವನು ಕಾಯುತ್ತಾನೆ. ಯಾರಿಗಾಗಿಯೂ ನಿಲ್ಲದ ನನ್ನ ಭಾವಮೈದ ಕೂಡ ಒಮ್ಮೆ ಕಾದ. ಕಾಯಲು ಆಗದೆ ಹೋದದ್ದು ತಮ್ಮ ತಪಾಸಣಾಧಿಕಾರಿಗಳಿಗೆ ಮಾತ್ರ.

ಅವರು ಬಂದದ್ದು ಮಧ್ಯಾಹ್ನ. ಕೈಯಲ್ಲಿ ಫೈಲು, ಜೇಬಿನಲ್ಲಿ ಇಂಕ್ ಪೆನ್ನು. ಬಾಡಿಗೆ ಮನೆಯ ನೋಂದಣಿಗೆ ನಾನೇ ಅರ್ಜಿ ಹಾಕಿ ಕರೆಸಿಕೊಂಡಿದ್ದೆ ಎಂಬುದು ನೆನಪಿರಲಿ. ಕಾನೂನು ಪಾಲಿಸುವ ಚಪಲ.

"ಬೆಲ್ ಎಲ್ಲಿ?" ಎಂದರು ಮಹಡಿಯ ಬಾಗಿಲ ಮುಂದೆ ನಿಂತು.

"ಬೆಲ್ ಇಲ್ಲ ಸಾರ್. ಈ ಹಗ್ಗ ಎಳೀಬೇಕು."

"ಹಗ್ಗಾನಾ? ಇದೇನು ಬಾವಿನಾ?"

ನಾನೇ ಎಳೆದೆ. ಗಿರಣಿಯಮ್ಮ ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದರು. ಬಚ್ಚಲಲ್ಲೂ ಒಂದು ಬಟ್ಟೆ ಕಟ್ಟುವಷ್ಟು ಮುಂದಾಲೋಚನೆ ನನಗಿರಲಿಲ್ಲ. ಸಾಹೇಬರು ಪೆನ್ನಿನ ಮುಚ್ಚಳ ತೆಗೆಯುವಷ್ಟು ಹೊತ್ತು ಕಾದರು.

"ಕೀ ತಗೊಂಡು ಬನ್ನಿ."

"ನನ್ನ ಹತ್ರ ಇಲ್ಲ ಸಾರ್."

"ಮಾಲೀಕರು ನೀವೇ ತಾನೇ?"

"ಹೌದು."

"ಏನ್ ಕೆಲಸ ಮಾಡ್ತೀರಿ?"

"ಬೀಗ ರಿಪೇರಿ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಮನೆ ನಿಮ್ಮದು, ಬೀಗದವರೂ ನೀವೇ, ಕೀ ಮಾತ್ರ ನಿಮ್ಮ ಹತ್ರ ಇಲ್ಲ. ನನ್ನ ಹಣೆ ಮೇಲೆ ಏನಾದ್ರೂ ಬರೆದಿದೆಯಾ? ಹೋಗ್ಲಿ, ಅದೇನೋ ತಂತಿ ಹಾಕಿ ತೆಗೀತೀರಲ್ಲ, ತೆಗೀರಿ."

"ಒಳಗಿರೋರು ಹೇಳಿದ್ರೆ ತೆಗೀತೀನಿ."

"ಒಳಗೆ ಯಾರೂ ಇಲ್ವಲ್ಲ!"

"ಇದ್ದಾರೆ ಸಾರ್. ಸ್ವಲ್ಪ ಕಾಯಿರಿ, ಬರ್ತಾರೆ."

ಮಾನ್ಯರೇ, ಆ ಬೀಗ ತೆಗೆಯುವುದು ನನಗೆ ಮೂಗು ಸೀಟಿದಷ್ಟು ಸುಲಭ. ನಾನೇ ಹಾಕಿದ ಬೀಗ. ತೆಗೆದಿದ್ದರೆ ಏನಾಗುತ್ತಿತ್ತು? ಒದ್ದೆ ತಲೆಯಲ್ಲಿ ಬಚ್ಚಲಿನಿಂದ ಹೊರಗೆ ಬಂದ ಆ ಹೆಂಗಸಿನ ಎದುರಿಗೆ ಈ ಸಲ ಒಬ್ಬರಲ್ಲ, ಇಬ್ಬರು ಗಂಡಸರು ನಿಂತಿರುತ್ತಿದ್ದರು, ಒಬ್ಬರ ಕೈಯಲ್ಲಿ ಫೈಲು. ಹೆಚ್ಚುವರಿ ಕೀಲಿಕೈ ಇಲ್ಲವೆಂದು ಮಾತು ಕೊಟ್ಟ ಮಾಲೀಕ ತಂತಿ ಹಿಡಿದು ಪಕ್ಕದಲ್ಲೇ ಇರುತ್ತಿದ್ದ. ಆಗ ತಮ್ಮ ವರದಿ ಚೊಕ್ಕವಾಗಿ ಬರುತ್ತಿತ್ತು, ಒಪ್ಪುತ್ತೇನೆ.

ಸಾಹೇಬರು ಬರೆದರು. 'ಮನೆ ಖಾಲಿ. ಬೀಗ ಹಾಕಿದೆ. ಮಾಲೀಕರು ಕರ್ತವ್ಯಕ್ಕೆ ಅಡ್ಡಿಪಡಿಸಿದ್ದಾರೆ.' ಫೈಲು ಮುಚ್ಚಿ ಮೆಟ್ಟಿಲು ಇಳಿಯತೊಡಗಿದರು. ಅರ್ಧ ಇಳಿದಿದ್ದರು, ಮೇಲೆ ಬಾಗಿಲು ತೆರೆಯಿತು. ತಲೆಗೆ ಟವೆಲು ಸುತ್ತಿಕೊಂಡು ಗಿರಣಿಯಮ್ಮ ನಿಂತಿದ್ದರು. "ಯಾರು ಬೇಕಾಗಿತ್ತು?" ಎಂದು ಕೇಳಿದರು. ಎದುರು ಮನೆಯ ನಾಯಿ ಎದ್ದು ಕೂತಿತು.

"ಸಾರ್, ನೋಡಿ, ಬಂದ್ರು" ಎಂದೆ.

ಸಾಹೇಬರು ಮೆಟ್ಟಿಲಿನಿಂದ ಕಣ್ಣು ಎತ್ತಲಿಲ್ಲ. "ಬರೆದಾಗಿದೆ" ಎಂದರು. "ಇಂಕಲ್ಲಿ ಬರೆದಾಗಿದೆ. ಈಗ ತಿರುಗಿ ನೋಡಿದ್ರೆ ನನ್ನ ವರದಿ ಸುಳ್ಳಾಗುತ್ತೆ."

ಅವರು ತಿರುಗಿ ನೋಡಲಿಲ್ಲ. ಇಷ್ಟು ಗಟ್ಟಿ ಕುತ್ತಿಗೆಯ ಅಧಿಕಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಡ್ತಿ ಕೊಡಬೇಕೆಂದು ಈ ಮೂಲಕ ಶಿಫಾರಸು ಮಾಡುತ್ತೇನೆ.

ತಪ್ಪು ಯಾರಿಂದಲಾದರೂ ಆಗುತ್ತದೆ, ಹೋಗಿ ಹೇಳಿದರೆ ಸರಿಮಾಡುತ್ತಾರೆ ಎಂದು ನಾನು ತಮ್ಮ ಕಚೇರಿಗೆ ಹೋದೆ. ಬರಿಗೈಯಲ್ಲಿ ಹೋಗಲಿಲ್ಲ, ಸಾಕ್ಷಿಯಾಗಿ ಗಿರಣಿಯಮ್ಮನನ್ನೇ ಕರೆದುಕೊಂಡು ಹೋದೆ. ಅವರು ಗಂಜಿ ಹಾಕಿದ ಸೀರೆ ಉಟ್ಟುಕೊಂಡು, ತಾನು ಇದ್ದೇನೆ ಎಂದು ತೋರಿಸಲು, ತಮ್ಮ ಕಚೇರಿಯ ಬೆಂಚಿನ ಮೇಲೆ ಕೂತರು. ವಿಷಯ ನಿರ್ವಾಹಕರು ಅವರನ್ನೊಮ್ಮೆ, ಫೈಲನ್ನೊಮ್ಮೆ ನೋಡಿದರು.

"ಇವರೇ ಆ ಮನೇಲಿರೋರು" ಎಂದೆ.

"ಇವರು ಈಗ ಎಲ್ಲಿದ್ದಾರೆ?"

"ಇಲ್ಲೇ ಇದ್ದಾರಲ್ಲ ಸಾರ್, ನಿಮ್ಮ ಎದುರಿಗೆ."

"ಅಲ್ಲಿಗೆ, ಮನೆ ಖಾಲಿ ಅಂತ ಆಯ್ತಲ್ಲ" ಎಂದರು ಅವರು. ತಮಾಷೆ ಮಾಡುತ್ತಿರಲಿಲ್ಲ, ಮುಖ ನೋಡಿದೆ.

ಗಿರಣಿಯಮ್ಮ ವಾಸವಿರುವುದಕ್ಕೆ ದಾಖಲೆ ಬೇಕಂತೆ. ದಾಖಲೆ ಎಂದರೆ ತಪಾಸಣಾ ವರದಿ. ವರದಿ ಖಾಲಿ ಎನ್ನುತ್ತದೆ. ವರದಿ ಬದಲಾಗಬೇಕಾದರೆ ವಾಸವಿರುವವರು ಆಕ್ಷೇಪಣೆ ಸಲ್ಲಿಸಬೇಕು. ಖಾಲಿ ಮನೆಯಲ್ಲಿ ವಾಸವಿರುವವರು ಇರುವುದಿಲ್ಲವಾದ್ದರಿಂದ ಆಕ್ಷೇಪಣೆ ಸಲ್ಲಿಸುವವರೂ ಇರುವುದಿಲ್ಲ. ಎಷ್ಟೋ ತರದ ಬೀಗಗಳನ್ನು ಬಿಚ್ಚಿ ನೋಡಿದ್ದೇನೆ, ಮಾನ್ಯರೇ. ಇಷ್ಟು ಅಚ್ಚುಕಟ್ಟಾಗಿ ಕೂತ ಬೀಗವನ್ನು ನೋಡಿರಲಿಲ್ಲ. ಮಾಡಿದವರ ಕೈಗೆ ನಮಸ್ಕಾರ.

ನನ್ನ ಮುಖ ನೋಡಿ ವಿಷಯ ನಿರ್ವಾಹಕರಿಗೂ ಸ್ವಲ್ಪ ಕನಿಕರ ಬಂದಿರಬೇಕು. ದನಿ ತಗ್ಗಿಸಿ ಒಂದು ದಾರಿ ಹೇಳಿಕೊಟ್ಟರು. ನಿಯಮದ ಪ್ರಕಾರ ಪ್ರತಿ ಬಾಡಿಗೆ ಮನೆಯ ಹೆಚ್ಚುವರಿ ಕೀಲಿಕೈ ಮಾಲೀಕನ ಬಳಿ ಇರಬೇಕು, ಅದರ ನಕಲು ಕಚೇರಿಯಲ್ಲಿ ಇರಬೇಕು. "ಎರಡು ಕೀ ಮಾಡಿ. ಒಂದು ನೀವಿಟ್ಕೊಳ್ಳಿ, ಒಂದು ಇಲ್ಲಿ ಕೊಡಿ. ಹೊಸ ಅರ್ಜಿ ಹಾಕಿ. ಹಳೇದನ್ನ ನಾನು ನೋಡ್ಕೋತೀನಿ" ಎಂದು, ಕೀಲಿಕೈಗಳ ಪೆಟ್ಟಿಗೆಯನ್ನೂ ತೋರಿಸಿದರು. ಕಿಟಕಿಯ ಪಕ್ಕದಲ್ಲಿ, ನೀರಿನ ಹೂಜಿಯ ಕೆಳಗೆ ಇತ್ತು. ಊರಿನ ಬಾಡಿಗೆ ಮನೆಗಳ ಬಾಗಿಲುಗಳೆಲ್ಲ ಅದರೊಳಗೆ ಗಲಗಲ ಎನ್ನುತ್ತಿದ್ದವು. ಕಸುಬಿನ ಚಟಕ್ಕೆ ಕಣ್ಣು ಮೊದಲು ಹೋದದ್ದು ಪೆಟ್ಟಿಗೆಯ ಬಾಯಿಗೆ. ಅದಕ್ಕೆ ಬೀಗವಿರಲಿಲ್ಲ. ಚಿಲಕ ಕೂಡ ಮುರಿದಿತ್ತು. ಬೇಕಾದರೆ ಬಂದು ಸರಿಮಾಡಿಕೊಡುತ್ತೇನೆ, ಅದು ಬೇರೆ ಮಾತು.

ಆ ದಾರಿ ನನಗೆ ಬೇಡ ಎಂದು ಬಂದೆ. ಮನೆಗೆ ಬರುವಷ್ಟರಲ್ಲಿ ಭಾವಮೈದ ಕಾದು ಕೂತಿದ್ದ. "ಭಾವ, ಕೀ ಮಾಡೋದು ನಿಮಗೆ ಚಹಾ ಕುಡಿಯೋಷ್ಟು ಹೊತ್ತಿನ ಕೆಲಸ. ಮಾಡಿ ಬಿಸಾಕಿ ಕೈ ತೊಳ್ಕೊಳ್ಳಿ. ಇಲ್ಲಾಂದ್ರೆ ಅವರನ್ನ ಕಳಿಸಿ, ನಾನು ಬೇರೆಯವರನ್ನ ನೋಡಿಕೊಡ್ತೀನಿ. ಕಿವಿ ಕೇಳೋರನ್ನ."

ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಅಡುಗೆಮನೆಯಿಂದ ಬಂದಳು. "ಅವರನ್ನ ಕಳಿಸೋದಾದ್ರೆ ನಾನೂ ಮೇಲಿನ ಮನೆಗೇ ಹೋಗಿರ್ತೀನಿ. ನನ್ನನ್ನೂ ಖಾಲಿ ಅಂತ ಬರ್ಕೊಳ್ಳಿ" ಎಂದಳು ತಮ್ಮನಿಗೆ. ಅವನು ಚಹಾ ಮುಗಿಸದೆ ಎದ್ದುಹೋದ.

ತಮ್ಮನ್ನು ಕಿವುಡರು ಎಂದು ಕರೆಯುವ ಸುಲಭದ ಮಾತು ಈ ಪತ್ರದಲ್ಲಿ ಎಲ್ಲಾದರೂ ಬರುತ್ತದೆಂದು ತಾವು ಕಾಯುತ್ತಿರಬಹುದು. ಬರುವುದಿಲ್ಲ. ಅದು ಗಿರಣಿಯಮ್ಮನಿಗೆ ಮಾಡುವ ಅವಮಾನ. ಅವರು ಎದುರಿಗಿರುವವರ ಮುಖವನ್ನು ಇಷ್ಟಗಲ ಕಣ್ಣು ಬಿಟ್ಟು ನೋಡುತ್ತಾರೆ, ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳು ಎನ್ನುತ್ತಾರೆ. ತಮ್ಮ ಕಚೇರಿಯಲ್ಲಿ ಈ ಎರಡರಲ್ಲಿ ಒಂದನ್ನೂ ಮಾಡಿದವರು ನನಗೆ ಸಿಗಲಿಲ್ಲ.

ಆದೇಶ ಬಂದ ದಿನ ಸಂಜೆ ಗಿರಣಿಯಮ್ಮ ಕೆಳಗೆ ಇಳಿದು ಬಂದರು. ಕಂಕುಳಲ್ಲಿ ಮಡಿಚಿದ ಕೆಂಪು ಬಟ್ಟೆಗಳು. ಅಂಗೈಯಲ್ಲಿ ಎರಡೂ ಕೀಲಿಕೈಗಳು. ಅವನ್ನು ನನ್ನ ಮುಂದೆ ಚಾಚಿದರು. "ತಗೋ ಬೀಗದಪ್ಪ" ಎಂದರು, ಮೊದಲ ಸಲ ಮೆಲ್ಲಗೆ. "ನನ್ನಿಂದ ನಿನಗ್ಯಾಕೆ ತಲೆನೋವು? ನಾವು ಬೇರೆ ಕಡೆ ನೋಡ್ಕೋತೀವಿ." ಬೇರೆ ಕಡೆ ಎಂದರೆ ಎಲ್ಲಿ ಎಂದು ನನಗೆ ಗೊತ್ತಿತ್ತು. ಮಾಲೀಕನ ಜೇಬಿನಲ್ಲಿ ಒಂದು ಕೀಲಿಕೈ, ತಮ್ಮ ಹೂಜಿಯ ಕೆಳಗೆ ಇನ್ನೊಂದು, ದಿನವಿಡೀ ಬಾಗಿಲು ನೋಡುತ್ತಾ ಕೂತ ಈ ಮುದುಕಿ. ಮಾತಾಡಿದರೆ ಅಳು ಬರುತ್ತದೆ, ಮಾತಾಡದಿದ್ದರೆ ಅವರಿಗೆ ತಿಳಿಯುವುದಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಅವರು ಕೀಲಿಕೈಗಳನ್ನು ಸೆರಗಿಗೆ ಕಟ್ಟಿಕೊಂಡು, "ಗಂಡಸರ ಹಟ" ಎಂದು ಎಂದಿನ ದನಿಯಲ್ಲಿ ಬೈದು ಮೇಲೆ ಹೋದರು. ಬಟ್ಟೆ ಮತ್ತೆ ಕಟ್ಟಿದರೋ ಇಲ್ಲವೋ ಎಂಬ ಅನುಮಾನಕ್ಕೆ ಮಾರನೇ ಬೆಳಗ್ಗೆ ಹೋಗಿ ಹಗ್ಗ ಎಳೆದೆ. ಬಾಗಿಲು ತೆಗೆದರು.

ಈಗ ಈ ವ್ಯವಹಾರದ ಕಿರೀಟಕ್ಕೆ ಬರುತ್ತೇನೆ. ಮೊನ್ನೆ ತಮ್ಮ ಕಚೇರಿಯಿಂದ ನನಗೆ ಎರಡು ಲಕೋಟೆ ಬಂದವು. ಒಂದು ಮನೆಯ ವಿಳಾಸಕ್ಕೆ, ಮಾಲೀಕರಿಗೆ. ಬರುವ ತಿಂಗಳ ಮೊದಲ ದಿನ ಬೆಳಗ್ಗೆ ತಮ್ಮ ಖಾಲಿ ಮನೆಯ ಬೀಗ ತೆಗೆಸಲಾಗುವುದು, ಅಡ್ಡಿಪಡಿಸಬಾರದು ಎಂದು. ಇನ್ನೊಂದು ಅಂಗಡಿಯ ವಿಳಾಸಕ್ಕೆ, ಬೀಗ ರಿಪೇರಿಯವರಿಗೆ. ಬರುವ ತಿಂಗಳ ಮೊದಲ ದಿನ ಬೆಳಗ್ಗೆ ಒಂದು ಮನೆಯ ಬೀಗ ತೆಗೆಯುವ ಕೆಲಸವಿದೆ, ಸಲಕರಣೆಗಳೊಂದಿಗೆ ಹಾಜರಾಗಬೇಕು ಎಂದು. ಎರಡಕ್ಕೂ ತಮ್ಮದೇ ಸಹಿ. ಒಬ್ಬನೇ ಮನುಷ್ಯ ಆ ದಿನ ಬಾಗಿಲ ಮುಂದೆ ನಿಂತು ಅಡ್ಡಿಪಡಿಸದೆ ಇರಬೇಕು, ಅದೇ ಹೊತ್ತಿಗೆ ಅದೇ ಬಾಗಿಲಿಗೆ ತಂತಿ ಹಾಕಬೇಕು. ಸಹಿ ಮಾಡುವಾಗ ತಾವು ವಿಳಾಸ ನೋಡುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಹೀಗೆ. ಮನೆಯೊಳಗೆ ಯಾರಿದ್ದಾರೆಂದು ತಾವು ನೋಡಲಿಲ್ಲವೆಂದು ಇನ್ನು ಆಶ್ಚರ್ಯ ಯಾಕೆ ಪಡಲಿ?

ಎರಡನೆಯ ಪತ್ರಕ್ಕೆ ಮೊದಲು ಉತ್ತರ: ಬರುವುದಿಲ್ಲ. ಸಲಕರಣೆಯ ಚೀಲವನ್ನು ಅಂಗಡಿಯ ಮೊಳೆಗೆ ತೂಗುಹಾಕಿದ್ದೇನೆ, ಆ ದಿನ ಅದು ಅಲ್ಲೇ ಇರುತ್ತದೆ. ಊರಿನಲ್ಲಿ ಬೇರೆ ಬೀಗದವರು ಇದ್ದಾರಲ್ಲ ಎನ್ನಬಹುದು. ಇದ್ದಾರೆ. ನನ್ನ ಅಂಗಡಿಯಲ್ಲೇ ನಿಂತು ಕೆಲಸ ಕಲಿತವರು. ಕರೆದರೆ ಬರುತ್ತಾರೆ, ಬೀಗವನ್ನೂ ತೆಗೆಯುತ್ತಾರೆ. ಆದರೆ ಬಾಗಿಲು ತಳ್ಳುವುದಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು, ಗೋಡೆಯ ಕಡೆ ಮುಖ ಮಾಡಿ, ಮನೆಯವರು ಯಾರಾದರೂ ಬಂದು ತಳ್ಳಲಿ ಎಂದು ನಿಲ್ಲುತ್ತಾರೆ. ಖಾಲಿ ಮನೆಗೆ ಮನೆಯವರನ್ನು ಎಲ್ಲಿಂದ ತರುತ್ತೀರಿ? ಸಿಕ್ಕರೆ ಆ ಮನೆ ಖಾಲಿಯಾಗಿರುವುದು ಹೇಗೆ?

ಮೊದಲನೆಯ ಪತ್ರಕ್ಕೆ ಉತ್ತರ, ಮತ್ತು ಇದು ನನ್ನ ಹ‌ಕ್ಕೊತ್ತಾಯ ಕೂಡ. 'ಖಾಲಿ' ಎಂಬ ಪದವನ್ನು ಹೊಡೆದುಹಾಕಿ. ಇಂಕಿನಲ್ಲಿ ಬರೆದದ್ದನ್ನು ಇಂಕಿನಲ್ಲೇ ಹೊಡೆದುಹಾಕಬಹುದು, ನಾನು ನೋಡಿದ್ದೇನೆ. ಇನ್ನೊಬ್ಬರು ವಾಸವಿರುವ ಮನೆಯ ಕೀಲಿಕೈಯನ್ನು ಮಾಲೀಕನ ಜೇಬಿಗೂ ತಮ್ಮ ಪೆಟ್ಟಿಗೆಗೂ ಹಾಕಿಸುವ ನಿಯಮವನ್ನು ತೆಗೆದುಹಾಕಿ. ಅದು ಆಗದೆಂದಾದರೆ ಮೊದಲ ದಿನ ತಪಾಸಣಾಧಿಕಾರಿಗಳನ್ನು ಕಳಿಸಬೇಡಿ, ತಾವೇ ಬನ್ನಿ. ನಾನು ಅಡ್ಡಿಪಡಿಸುವುದಿಲ್ಲ, ಮೆಟ್ಟಿಲು ತೋರಿಸುತ್ತೇನೆ. ಬಾಗಿಲ ಪಕ್ಕದಲ್ಲಿ ಹಗ್ಗವಿದೆ. ತಾವೇ ಎಳೆಯಿರಿ. ಒಬ್ಬ ಮುದುಕಿ ಎದ್ದು, ಮಂಡಿ ಹಿಡಿದುಕೊಂಡು, ಬಾಗಿಲವರೆಗೆ ಬರುವಷ್ಟು ಹೊತ್ತು ಕಾಯಿರಿ.

ಬಾಗಿಲು ತೆರೆಯುತ್ತದೆ. "ಯಾರು ಬೇಕಾಗಿತ್ತು?" ಎಂದು ಅವರು ಕೇಳುತ್ತಾರೆ. ಆದೇಶದ ಕಾಗದ ಮುಂದೆ ಹಿಡಿದು ಪ್ರಯೋಜನವಿಲ್ಲ, ಕನ್ನಡಕ ಒಳಗಿರುತ್ತದೆ. ನೆಲ ನೋಡಿಕೊಂಡು ಗೊಣಗಿದರೂ ಅವರಿಗೆ ತಿಳಿಯುವುದಿಲ್ಲ. ಬಂದ ಕಾರಣವನ್ನು ಅವರ ಮುಖ ನೋಡಿ, ನಿಧಾನವಾಗಿ, ತುಟಿ ಬಿಡಿಸಿ ಹೇಳಬೇಕು: ನಿಮ್ಮನ್ನು ಹೊರಗೆ ಹಾಕಲು ಬಂದಿದ್ದೇನೆ. ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳು ಎನ್ನುತ್ತಾರೆ. ಇನ್ನೊಮ್ಮೆ ಹೇಳಿ. ಆಮೇಲೆ ಮೊಹರು ಹಾಕಿಕೊಂಡು ಹೋಗಿ. ನಾನು ಗೋಡೆಯ ಕಡೆ ತಿರುಗುವುದಿಲ್ಲ, ನೋಡುತ್ತಾ ಅಲ್ಲೇ ನಿಂತಿರುತ್ತೇನೆ.

ಇಂತಿ,
ತನ್ನದೇ ಮನೆಯ ಕೀಲಿಕೈ ಇಲ್ಲದೆ, ಕೆಳಗಿನ ಮನೆಯಲ್ಲಿ ಸುಖವಾಗಿ ನಿದ್ದೆ ಮಾಡುತ್ತಿದ್ದ,
ಒಬ್ಬ ಹೊಸ ಮಾಲೀಕ